ಬೇವಿನ ಬುಡದ ಬಳೆ

"ಮಗಳನ್ನ ಮೂರು ತಿಂಗಳು ಇಲ್ಲೇ ಬಿಟ್ಟು ಹೋಗಮ್ಮ, ತಾನಾಗೇ ಮಾತಾಡ್ತಾಳೆ," ಎಂದು ಪ್ರಾರ್ಥನಾ ಶಿಬಿರದ ಪಾದ್ರಿ ನಗುತ್ತ ಹೇಳಿದಾಗ ಅಫ್ರಿಯೆಯ ಕಣ್ಣು ಅಂಗಳದ ಬೇವಿನ ಮರದ ಮೇಲಿತ್ತು. ಅದರ ಬುಡಕ್ಕೆ ಕಬ್ಬಿಣದ ಬಳೆಯೊಂದನ್ನು ಹೊಡೆದಿದ್ದರು. ಮರದ ಸುತ್ತ ನೆಲ ದುಂಡಗೆ ಸವೆದು, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಅವಳ ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ಸೆರ್ವಾ ಕಿವಿ ಮುಚ್ಚಿಕೊಂಡು ತೂಗಾಡುತ್ತಿದ್ದಳು.

"ಆಸ್ಪತ್ರೆಯವರು ಆಟಿಸಂ ಅಂದ್ರು," ಎಂದಳು ಅಫ್ರಿಯೆ.

"ಅವರು ಏನಾದ್ರೂ ಅನ್ಲಿ. ಇದು ದೆವ್ವದ ಕೆಲಸ," ಎಂದ ಪಾದ್ರಿ, ಸರಪಳಿ ತರಲು ಒಳಗೆ ಹೋದ.

ಬಾಗಿಲ ಪಕ್ಕ ಕೂತು ಗೆಣಸು ಹೆರೆಯುತ್ತಿದ್ದ ಅಡುಗೆಯ ಮುದುಕಿ ತಲೆಯೆತ್ತದೆ ಪಿಸುಗುಟ್ಟಿದಳು: "ಟೆಚಿಮಾನ್ ಸಂತೇಲಿ ಡೂಫಿ ಅಂತ ಮೀನು ಮಾರೋಳಿದಾಳೆ. ಅವಳ ಮಗನೂ ಹಿಂಗೇ. ಇಂಥ ಮಕ್ಕಳ ತಾಯಂದ್ರೆಲ್ಲ ಶನಿವಾರ ಅವಳಂಗ್ಡಿ ಹಿಂದೆ ಸೇರ್ತಾರೆ. ಅಲ್ಲಿಗೆ ಹೋಗವ್ವಾ."

"ನಿಂಗೆ ಹೆಂಗೆ ಗೊತ್ತು ಅಜ್ಜಿ?"

"ಗೊತ್ತಾಗೋ ಹೊತ್ಗೆ ನನ್ ಮಗಳು ಇಲ್ಲೇ ಸತ್ತಿದ್ಲು."

ಒಳಗಿನಿಂದ ಹೆಜ್ಜೆ ಸದ್ದು ಹತ್ತಿರವಾಯಿತು. ಅಫ್ರಿಯೆ ಮಗಳನ್ನು ಹಸುಗೂಸಿನಂತೆ ಬೆನ್ನಿಗೇರಿಸಿಕೊಂಡು ಗೇಟಿನತ್ತ ಓಡಿದಳು. ಅಗುಳಿ ತೆಗೆಯುತ್ತ ಒಮ್ಮೆ ತಿರುಗಿ ನೋಡಿದಳು. ಮುದುಕಿ ಪಾದ್ರಿಯ ಬಾಗಿಲನ್ನು ಹೊರಗಿನಿಂದ ಎಳೆದು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದಳು.