ಯಾವ ಸಂಘ

ಟಕ್ ಟಕ್ ಎಂದು ಸಣ್ಣಗೆ ಕುಟ್ಟಾಣಿಯ ಸದ್ದು ಕೇಳಿ ಸುಧಾ ಕಣ್ಣು ಬಿಟ್ಟಳು. ಊರೆಲ್ಲ ಮಲಗಿ ಎಷ್ಟೋ ಹೊತ್ತಾಗಿತ್ತು. ಅತ್ತೆ ಸೋಮಮ್ಮ ಈ ಹೊತ್ತಿನಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದಾಳೆಂದರೆ ಹೇಳದೆ ಉಳಿದ ಮಾತು ಯಾವುದೋ ಇದೆ ಎಂದೇ ಅರ್ಥ. ಸುಧಾಳಿಗೂ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಎದ್ದು ನಡುಮನೆಗೆ ಬಂದಳು.

"ಇನ್ನೂ ಮಲಗಿಲ್ವಾ ಅತ್ತೆ?"

"ಕೂತ್ಕೊ ಮಗ. ನೀನು ಬಂದೇಟ್ಗೇ ಹೇಳವ ಅಂತಿದ್ದೆ. ಓಟಿ ಕೆಲ್ಸ ಮುಗಿಸ್ಕೊಂಡು ಹೆಣದಂಗೆ ಬಂದೆ, ನಾನೂ ಸುಮ್ನಾದೆ." ಸೋಮಮ್ಮ ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡಳು. "ಮದ್ಯಾನ ನಿಮ್ಮ ಗಾರ್ಮೆಂಟ್ಸ್‌ನೋರು ಬಂದಿದ್ರು. ಕಾರಲ್ಲಿ. ಒಬ್ಬ ಗಂಡ್ಸು, ಒಬ್ಳು ಹೆಂಗ್ಸು. ಏನ್ ಮರ್ವಾದೆ ಅಂತೀಯ, ಚಪ್ಲಿ ಆಚೆ ಬುಟ್ಟು ಒಳಿಕ್ಕೆ ಬಂದ್ರು."

ಸುಧಾ ಹತ್ತಿರ ಸರಿದು ಕೂತಳು. "ಯಾಕಂತೆ?"

"ನಿಮ್ಮ ಸೊಸೆ ಸಂಘಕ್ಕೆ ಹೋಗ್ತಾರಾ ಅಂದ್ರು. ಓಗ್ದೆ ಏನ್ ಸ್ವಾಮಿ, ಒಂದು ಬಾನ್ವಾರನೂ ತಪ್ಪಿಸಕ್ಕಿಲ್ಲ, ಅವಳೇ ಮುಂದಾಳು, ಅವಳಿಲ್ದೆ ಸಂಘನೇ ನಡಿಯಕ್ಕಿಲ್ಲ ಅಂದೆ. ಜೊತೇಲಿ ಯಾರು ಅಂದ್ರು. ರಮ್ಯಾ ಅಂತ, ಹುಣಸೂರು ಹುಡ್ಗಿ, ನಮ್ಮನೇಲೇ ಉಂಡೋಗೈತೆ ಅಂದೆ. ಬರ್ಕೊಂಡ್ರು ಕಣವ್ವ. ನಮ್ ಕಾಲದಲ್ಲಿ ಹೆಂಗಸ್ರ ಹೆಸ್ರ ಯಾರ್ ಬರ್ಕೊಂಡ್ರು ಹೇಳು, ರೇಷನ್ ಕಾರ್ಡಲ್ಲಿ ಬುಟ್ರೆ."

ಸೋಮಮ್ಮನ ಪಾಲಿಗೆ ಸಂಘ ಎಂದರೆ ಹೆಂಗಸರು ವಾರಕ್ಕೊಮ್ಮೆ ಸೇರಿ ಉಳಿತಾಯ ಕಟ್ಟುವ ಸಂಘ. ಬೇರೊಂದು ಸಂಘ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ, ಸುಧಾ ಗೊತ್ತುಮಾಡಿಸಿರಲೂ ಇಲ್ಲ. ಮೊದಲ ಭಾನುವಾರ "ಸಂಘದ ಮೀಟಿಂಗ್ ಇದೆ ಅತ್ತೆ" ಎಂದಾಗ, "ಓಗ್ಬಾ, ಒಳ್ಳೇದೇ" ಎಂದು ಮುದ್ದೆ ತಿರುವಲು ತಾನೇ ಕೂತಿದ್ದಳು. ನಾನೇನು ಸುಳ್ಳು ಹೇಳಲಿಲ್ಲವಲ್ಲ ಎಂದು ಸುಧಾ ಅಂದು ಸಮಾಧಾನ ಮಾಡಿಕೊಂಡಿದ್ದಳು. ಆ ಒಂದು ಮಾತಿನ ಮರೆಯಲ್ಲೇ ಅವಳು, ರಮ್ಯಾ, ಚುಂಚನಕಟ್ಟೆ ಕಡೆಯ ಪೂಜಾ ಸೇರಿ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಲು ಓಡಾಡುತ್ತಿದ್ದರು. ಟಾರ್ಗೆಟ್ ಮುಗಿಸದವಳನ್ನು ಸಾಲಿನ ಮುಂದೆ ನಿಲ್ಲಿಸಿ ಎಲ್ಲರ ಕೈಲಿ ನಗಿಸುವುದು ನಿಲ್ಲಬೇಕು ಎಂಬಲ್ಲಿಂದ ಅದು ಶುರುವಾಗಿತ್ತು. ಮುಂದೆ ನಿಂತವರು ಇವರೇ ಎಂದು ಉಳಿದ ಹೆಂಗಸರಿಗೂ ಇನ್ನೂ ಗೊತ್ತಿರಲಿಲ್ಲ. ನೋಂದಣಿಯಾಗುವ ಮೊದಲೇ ಹೆಸರು ಹೊರಗೆ ಬಿದ್ದರೆ ಕೆಲಸ ಹೋಗುತ್ತದೆ ಎಂದು ಮೂವರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

"ಯಾಕ್ ಮಗ, ಏನಾರ ತಪ್ಪಾಯ್ತಾ?"

"ಇಲ್ಲ ಅತ್ತೆ. ಮಲಕ್ಕೊಳ್ಳಿ."

ಹಾಸಿಗೆಗೆ ಬಂದು ರಮ್ಯಾಳ ನಂಬರ್ ಒತ್ತಿದಳು. ರಿಂಗ್ ಆಗುವ ಮೊದಲೇ ಕಟ್ ಮಾಡಿದಳು. ಏನಂತ ಹೇಳುವುದು? ಏನೂ ಆಗಲಾರದು, ಬಂದವರೂ ಉಳಿತಾಯದ ಸಂಘವೆಂದೇ ತಿಳಿದು ಹೋಗಿರಬಹುದು. ಹಾಗೆಂದುಕೊಂಡು ಮಗ್ಗುಲು ಬದಲಿಸಿದಳು. ಬೆಳಗಾಗುವವರೆಗೂ ಬದಲಿಸುತ್ತಲೇ ಇದ್ದಳು.

ಬೆಳಿಗ್ಗೆ ಗೇಟಿನಲ್ಲಿ ಸೆಕ್ಯೂರಿಟಿಯವನು ಅವಳ ಐಡಿ ಕಾರ್ಡು ಇಸಿದುಕೊಂಡವನು ವಾಪಸ್ ಕೊಡಲಿಲ್ಲ. "ಪಕ್ಕಕ್ಕೆ ನಿಂತ್ಕೊಳಿ. ಒಳಗೆ ಬಿಡಬೇಡ ಅಂದವ್ರೆ," ಎಂದ. ಪಕ್ಕದಲ್ಲಿ ರಮ್ಯಾ ಆಗಲೇ ನಿಂತಿದ್ದಳು. ಅಷ್ಟರಲ್ಲಿ ಕೆ.ಆರ್. ನಗರದ ಬಸ್ಸು ಬಂತು. ಪೂಜಾ ಇಳಿದು ಕಾರ್ಡು ತೋರಿಸಿದಳು. ಅವಳನ್ನು ಯಾರೂ ತಡೆಯಲಿಲ್ಲ. ಇವರಿಬ್ಬರನ್ನು ತಿರುತಿರುಗಿ ನೋಡುತ್ತಲೇ ಜನರ ನಡುವೆ ಒಳಗೆ ಹೋದಳು.

"ನೋಡ್ದ್ಯಾ ಅಕ್ಕ," ರಮ್ಯಾ ಹಲ್ಲು ಕಚ್ಚಿಕೊಂಡು ಹೇಳಿದಳು. "ನಮ್ಮಿಬ್ರನ್ನ ನಿಲ್ಸಿ ಅವಳ್ನ ಮಾತ್ರ ಬುಟ್ರು. ಹೋದ್ವಾರ ಸೂಪರ್‌ವೈಸರ್ ಹತ್ರ ನಗ್‌ನಗ್ತಾ ನಿಂತಿದ್ಲು. ಕೇಳಿದ್ರೆ ರಜೆ ಕೇಳ್ತಿದ್ದೆ ಅಂದ್ಲು. ರಜೆ ಕೇಳಕ್ಕೆ ಅಷ್ಟು ಹಲ್ಲು ಬೇಕಾ?"

"ಅವಳಲ್ಲ ಅನ್ಸುತ್ತೆ ರಮ್ಯಾ."

"ಮತ್ಯಾರು? ಮೂರ್ ಜನಕ್ಕೇ ಗೊತ್ತಿದ್ದಿದ್ದು. ನೀನಾ, ನಾನಾ?"

ಅತ್ತೆಯ ಹೆಸರು ಸುಧಾಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಒಮ್ಮೆ ಹೇಳಿದರೆ ಸಂಜೆಯ ಬಸ್ಸುಗಳು ಅದನ್ನು ಊರೂರಿಗೆ ಇಳಿಸಿಕೊಂಡು ಹೋಗುತ್ತವೆ. ಸೋಮಮ್ಮ ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಅದಕ್ಕಿಂತ, ಇಷ್ಟು ತಿಂಗಳು ಸೊಸೆ ತನ್ನ ಕಣ್ಣಿಗೆ ಮಣ್ಣೆರಚಿದಳು ಎಂದು ಅವಳಿಗೆ ತಿಳಿಯುತ್ತದೆ.

"ಗೊತ್ತಿಲ್ಲ," ಎಂದಳು.

ಶಿಫ್ಟಿನ ಗಂಟೆ ಹೊಡೆಯಿತು. ಒಳಗಿನಿಂದ ಪೂಜಾ ಏದುಸಿರು ಬಿಡುತ್ತಾ ಓಡಿ ಬಂದಳು. "ಅವರನ್ನ ಬಿಡಲ್ಲ ಅಂದ್ರೆ ನಾನೂ ಇರಲ್ಲ," ಎಂದು ಸೆಕ್ಯೂರಿಟಿಯವನ ಕೈಗೆ ತಾನಾಗಿಯೇ ಕಾರ್ಡು ತುರುಕಿದಳು. "ನಾನೂ ಸಂಘದೋಳೇ. ಹೋಗಿ ಹೇಳಿ ಅವ್ರಿಗೆ."

ಬಂದು ರಮ್ಯಾಳ ಪಕ್ಕದಲ್ಲಿ ನಿಂತಳು. ರಮ್ಯಾ ಎರಡು ಹೆಜ್ಜೆ ಅತ್ತ ಸರಿದಳು.

"ನಾಟ್ಕ ಚೆನ್ನಾಗಿ ಕಲ್ಸಿ ಕಳ್ಸವ್ರೆ."

ಪೂಜಾಳಿಗೆ ಅರ್ಥವಾಗಲಿಲ್ಲ. "ಸುಧಕ್ಕ, ಇವಳ್ಯಾಕೆ ಹಿಂಗಂತಾಳೆ?"

ಅತ್ತೆಯಿಂದ ಆದದ್ದನ್ನು ಯಾರಿಗೂ ಹೇಳುವುದಿಲ್ಲ, ಇವಳಿಗೂ ಇಲ್ಲ. ಸುಧಾಳ ಮನಸ್ಸು ಅಷ್ಟರಲ್ಲೇ ನಿರ್ಧರಿಸಿಬಿಟ್ಟಿತ್ತು. ಅವಳು ಪೂಜಾಳ ಹೆಗಲಿಗೆ ಅಂಟಿಕೊಂಡಿದ್ದ ನೂಲಿನ ಎಳೆಯೊಂದನ್ನು ಮೆಲ್ಲಗೆ ಬಿಡಿಸಿ ತೆಗೆದು, "ಬಿಸಿಲು ಏರ್ತಿದೆ, ಈ ಕಡೆ ನೆರಳಿಗೆ ಬಾ," ಎಂದಳು.