ಎಂಟು ಮೂಲೆಯ ನಕ್ಷತ್ರ

ರಾತ್ರಿ ಸುರಿದ ಮಳೆ ಆ ಬೆಳಿಗ್ಗೆ ನಿಂತಿದ್ದರೂ ಭಾಲ್ಕಿಯ ಮೇಲಿನ ಮೋಡ ಕದಲಿರಲಿಲ್ಲ. ಗಡಿಗೆಗೆ ಬಳಿದ ಕೆಮ್ಮಣ್ಣು ಆರುವ ಲಕ್ಷಣವೇ ಇರಲಿಲ್ಲ. ಕುಂಬಾರ ಓಣಿಯ ಸುಂದರಬಾಯಿಯ ಮನೆಗೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಲ್ಲಿ ಲಾಠಿ ಹಿಡಿದ ಮೂವರು ನಿಂತಿದ್ದರು.

"ಓಡಿ ಬಂದವರು ಈ ಓಣಿ ಹೊಕ್ಕಾರಂತ. ಇಲ್ಲಿ ಯಾರರೆ ಬಂದಾರೇನು, ಆಯಿ?"

"ಬಂದ್ರ ಎಲ್ಲಿ ಕುಂದ್ರಸ್ಲೆಪ್ಪಾ? ಗಡಗಿ ಇಡ್ಲಾಕೇ ಜಾಗ ಇಲ್ಲ."

ಸುಂದರಬಾಯಿಯ ಕುಂಚ ನಿಲ್ಲಲಿಲ್ಲ. ಗೆರೆ, ಗೆರೆಯ ಮೇಲೆ ಮುಕ್ಕೋಣ, ಮುಕ್ಕೋಣದ ನಡುವೆ ಸುಣ್ಣದ ಬೊಟ್ಟು. ಅತ್ತೆ ಕಲಿಸಿದ್ದು ಅಷ್ಟೇ. ಓಣಿಯ ಅಷ್ಟೂ ಗಡಿಗೆಗಳ ಮೇಲಿದ್ದದ್ದೂ ಅಷ್ಟೇ.

"ಮನಿ ಗಂಡಸು ಎಲ್ಲಿ?"

"ಸೋಲಾಪುರದ ಕಡಿ ಹೋದವ್ರು ಇನ್ನಾ ಬಂದಿಲ್ರಿ."

ಮೂಲೆಯಲ್ಲಿ ಕಾಳು ತುಂಬುವ ಆಳೆತ್ತರದ ಮಣ್ಣಿನ ವಾಡೆ. ಮೂವರಲ್ಲಿ ಹಿರಿಯವನ ಕಣ್ಣು ಅಲ್ಲಿಗೆ ಹೋಗಿ ನಿಂತಿತು. ಸಿಕ್ಕರೆ ಅಡಗಿದವರ ಜೀವ ಉಳಿಯುವುದಿಲ್ಲ, ಅಡಗಿಸಿದವರದೂ. 'ಗುಂಡಯ್ಯ ತಂದೆ, ನೀನೂ ಇದೇ ಊರಿನ ಕುಂಬಾರ. ಕಾಯಪ್ಪಾ' ಎಂದು ಮನಸ್ಸಿನಲ್ಲೇ ಶರಣನಿಗೆ ಕೈಮುಗಿದಳು.

ಲಾಠಿ ಬಿತ್ತು. ವಾಡೆ ಒಡೆಯಿತು. ಜೋಳ ಸುರಿದು ಸುರಿದು ನಿಂತಿತು. ಬೇರೇನೂ ಇರಲಿಲ್ಲ.

"ಈಕಿ ಯಾರು? ಕೈ ಯಾಕ ನಡಗಲತ್ತದ?"

ಪಕ್ಕದಲ್ಲಿ ಸೆರಗೆಳೆದು ಕುಳಿತವಳ ಗೆರೆ ಸೊಟ್ಟಗಾಗಿತ್ತು. ಹಸಿರು ಬಳೆ ಏರಿಸುವಾಗ ಗೀರಿದ ಮುಂಗೈ ಇನ್ನೂ ಕೆಂಪಗಿತ್ತು.

"ಸೊಸಿರಿ. ಹೊಸಾಕಿ, ಇನ್ನಾ ಕೈ ಕುಂತಿಲ್ಲ. ಗಂಡಸರ ಮುಂದ ಮಾತಾಡಂಗಿಲ್ಲ."

"ಕುಂಬಾರ್ತಿ ಅಂದ್ರ ಬರೀಲಿ, ನೋಡೋಣು."

ಅವಳು ಹೊಸ ಗಡಿಗೆಯೊಂದನ್ನು ಮಡಿಲಿಗೆ ಎಳೆದುಕೊಂಡಳು. ಕುಂಚ ಅದ್ದಿದ್ದೇ ತಡ, ನಡುಕ ನಿಂತಿತು. ಚೌಕದ ಮೇಲೆ ಚೌಕ ಓರೆಯಾಗಿ ಕೂತು ಎಂಟು ಮೂಲೆಯ ನಕ್ಷತ್ರವಾಯಿತು. ನಕ್ಷತ್ರಕ್ಕೆ ನಕ್ಷತ್ರ ಹೆಣೆದು ಜಾಲರಿಯಾಯಿತು. ಕೂದಲೆಳೆಯಷ್ಟೂ ತಪ್ಪಿಲ್ಲ. ಸುಂದರಬಾಯಿಯ ಕುಂಚ ನಿಂತಿತು. ಕುಂಬಾರ ಓಣಿಯಲ್ಲಿ ಇಂಥದ್ದನ್ನು ಯಾರೂ ಬರೆದವರಲ್ಲ.

ಪರವೂರಿನ ಆ ಹಿರಿಯವ ಬಗ್ಗಿ ನೋಡಿದ. "ಭಲೆ! ಅತ್ತಿಗಿಂತ ಸೊಸಿನೇ ಚಲೋ ಬರೀತಾಳಲ್ಲ. ಈಕಿ ಕಡಿಂದ ನೀನೇ ಕಲಿ, ಮುದುಕಿ," ಎಂದು ನಕ್ಕ. ಮೂವರೂ ಮುಂದಿನ ಮನೆಗೆ ನಡೆದರು.

ಹೆಜ್ಜೆಯ ಸದ್ದು ಅಡಗುವವರೆಗೆ ಹೆಂಗಸರಿಬ್ಬರೂ ಕದಲಲಿಲ್ಲ. ಆಮೇಲೆ ಸುಂದರಬಾಯಿ ಬಾಗಿಲು ಹಾಕಿದಳು.

"ಮುಕ್ಕೋಣ ಬಿಟ್ಟು ನಿಮ್ಮಪ್ಪನ ಬಿದರಿ ನಕ್ಷಿ ಬರದ್ರಲ್ಲ! ನನ್ನ ಜೀವ ಬಾಯಿಗೆ ಬಂದಿತ್ರಿ."

ಸಾಲಿನ ಕೊನೆಯ ಗಡಿಗೆಯೊಳಗೆ ಕೈಯಿಳಿಸಿ, ಮಡಿಸಿಟ್ಟಿದ್ದ ಕರಿಯ ಬುರ್ಖಾವೊಂದನ್ನು ತೆಗೆದು ಅವಳ ಮಡಿಲಿಗಿಟ್ಟಳು.

"ಹೋದ ವರ್ಷ ರಜಾಕಾರರ ಕಣ್ಣು ತಪ್ಪಿಸಿ ನಮ್ಮ ಮನಿಯವ್ರನ್ನ ಮಾಂಜ್ರಾ ದಾಟಿಸಿದ್ದು ಇದ. ನಿಜಾಮನ ರಾಜ್ಯ ಹೋಗಿ ವಾರ ಆತು, ಈಗ ಇದನ್ನ ಕಂಡ್ರ ಅವ್ರು ಬಿಡಂಗಿಲ್ಲ, ಇವತ್ತ ಹಾಕ್ಕೋಬ್ಯಾಡ್ರಿ. ಆದ್ರ ನಿಮ್ಮದು ನಿಮ್ಮ ಕಡಿನೇ ಇರ್ಲಿ, ಆಬೇದಾ ಬೇಗಂ."