ಏಳು ನೀರಿನಲ್ಲಿ ತೊಳೆದ ಫಗಾ

ಇಂದಿಗೂ ಒದ್ದೆ ಮರಳಿನ ವಾಸನೆ ಬಂದರೆ ನಾನು ಮೊದಲು ನನ್ನ ಬೆರಳುಗಳನ್ನು ನೋಡಿಕೊಳ್ಳುತ್ತೇನೆ.

ಆ ಚಳಿಗಾಲ ಗುಡುಗಿನ ಮಳೆಯಾದ ಮೇಲೆ, ತಂದೆಗೆ ವೀಸಾ ಕೊಟ್ಟಿದ್ದ ವೃದ್ಧ ಅರಬರು ಮರುಭೂಮಿಯಲ್ಲಿ ಫಗಾ ಎಂಬ ಅಣಬೆಯನ್ನು ಅಗೆದು ತಂದಿದ್ದರು. ಅದರ ರಸ ಅವರ ಪತ್ನಿಯ ಕಣ್ಣಿಗೆ ಔಷಧಿ. ಅದನ್ನು ಕೆಡದಂತೆ ಒಣಮರಳಿನಲ್ಲಿ ಹುದುಗಿಸಿಡುವ ಹೊಣೆಯನ್ನು ತಂದೆಗೆ ಒಪ್ಪಿಸಿದ್ದರು. ತಂದೆ ಬುಟ್ಟಿಯನ್ನು ನಜ್ಮಾ ಬಡಾವಣೆಯ ನಮ್ಮ ಬಾಡಿಗೆಮನೆಯ ಅಡುಗೆಕೋಣೆಯಲ್ಲಿಟ್ಟು ಮರಳು ತರಲು ಹೋದರು.

“ಇದು ನಮ್ಮೂರಿನ ಕಲ್ಲಣಬೆಯೇ. ಮಣ್ಣು ಹೋಗುವ ಹಾಗೆ ತೊಳಿ ಮಗಾ,” ಎಂದರು ತಾಯಿ. ನಾನು ಏಳು ನೀರಿನಲ್ಲಿ ತೊಳೆದೆ.

ಮರಳಿನ ಚೀಲ ಹೊತ್ತು ಬಂದ ತಂದೆ ಬಾಗಿಲಲ್ಲೇ ನಿಂತರು. “ಎಂತ ಮಾಡಿದ್ದು ಮಾರಾಯ್ತಿ? ನೀರು ತಾಗಿದ್ರೆ ಎರಡೇ ದಿನದಲ್ಲಿ ಕೊಳೀತದೆ. ಇನ್ನು ನಮ್ಮನ್ನು ಊರಿಗೆ ಕಳಿಸ್ತಾರೆ.”

“ಕಲ್ಲಣಬೆಯನ್ನು ಮಣ್ಣಲ್ಲೇ ಇಡ್ಲಿಕ್ಕುಂಟಾ?” ತಾಯಿಯ ಧ್ವನಿ ಸಣ್ಣದಾಗಿತ್ತು.

ಅಷ್ಟರಲ್ಲಿ ವೃದ್ಧರು ಬಂದು ಬುಟ್ಟಿಯೊಳಗೆ ನೋಡಿದರು.

“ನಾನೇ ತೊಳೆದೆ, ಬಾಬಾ,” ಎಂದರು ತಂದೆ.

ವೃದ್ಧರು ತಂದೆಯ ಅಂಗೈಗೆ ಮೆತ್ತಿದ್ದ ಒಣಮರಳನ್ನು ಬಹಳ ಹೊತ್ತು ದಿಟ್ಟಿಸಿದರು. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದ ನನ್ನ ಬೆರಳುಗಳನ್ನು ನಾನು ಬೆನ್ನ ಹಿಂದೆ ಬಚ್ಚಿಟ್ಟೆ.

“ಖಲಾಸ್, ಆದದ್ದು ಆಯಿತು,” ಎಂದು ಅವರು ಬುಟ್ಟಿಯನ್ನೆತ್ತಿಕೊಂಡರು. ಹೊರಡುವ ಮುನ್ನ ಕೈ ಒರೆಸಿಕೊಳ್ಳಲು ತಮ್ಮ ಕರವಸ್ತ್ರವನ್ನು ನನ್ನತ್ತ ಚಾಚಿದರು.